ಸೇಂಟ್ ಮೇರಿಸ್ ದ್ವೀಪದ ಕಪ್ಪು ಕಲ್ಲು, ನೇತ್ರಾಣಿಯ ಆಡು: ಗೊತ್ತಿದ್ದವರು ಹೇಳಿ

ತೊಗರಿಹೊಲ, ಆಳಂದ

ಎಲ್ಲರಿಗೂ ನಮಸ್ಕಾರ. ಡಿಸೆಂಬರ್ ಕೊನೆಗೆ ಮನೆಮಂದಿಯೆಲ್ಲ ಉಡುಪಿ, ಮುರ್ಡೇಶ್ವರದ ಕಡೆ ಹೊರಟಿದ್ದೇವೆ. ದೇವರ ದರ್ಶನ ಹೇಗೂ ಇದ್ದೇ ಇದೆ, ನನಗೆ ಆಸೆ ಇರುವುದು ದ್ವೀಪ ನೋಡಬೇಕು ಅಂತ. ಈವರೆಗೆ ಕಂಡಿರುವ ದ್ವೀಪ ಅಂದರೆ ಯಾದಗಿರಿ ಜಿಲ್ಲೆಯ ನೀಲಕಂಠರಾಯನಗಡ್ಡಿ ಒಂದೇ, ಅದೂ ಕೃಷ್ಣಾ ನದಿಯ ನಡುವಿನ ಊರು. ಸಮುದ್ರದ್ದು ಬೇರೆ ಥರ ಇರುತ್ತೆ, ಅಲ್ವಾ?

ಎರಡು ಮೂರು ವಿಷಯ ಕೇಳಬೇಕಿತ್ತು. ಮಲ್ಪೆಯಿಂದ ದೋಣಿಯಲ್ಲಿ ಕರೆದುಕೊಂಡು ಹೋಗುವ ಸೇಂಟ್ ಮೇರಿಸ್ ದ್ವೀಪದ ಫೋಟೋ ನೋಡಿದೆ. ಮೂಲೆ ಮೂಲೆ ಇರುವ ಕಪ್ಪು ಕಲ್ಲಿನ ಕಂಬಗಳು ಸಾಲಾಗಿ ನಿಂತಿವೆ. ನಮ್ಮ ಕಡೆ ಬಾವಿ ತೋಡಿದರೆ ಸಿಗುವುದೂ ಕಪ್ಪು ಕಲ್ಲೇ. ಎರಡೂ ಒಂದೇನಾ? ಇನ್ನೊಂದು, ಮುರ್ಡೇಶ್ವರದ ಹತ್ತಿರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದಲ್ಲಿ ಜನ ಇಲ್ಲ, ಆದರೆ ಆಡು ಇವೆ ಅಂತ ಎಲ್ಲೋ ಓದಿದೆ. ಅವು ಅಲ್ಲಿಗೆ ಹೋಗಿದ್ದು ಹೇಗೆ? ಈಜಿಕೊಂಡಂತೂ ಹೋಗಿರಲಿಕ್ಕಿಲ್ಲ. ಒಂಬತ್ತನೇ ಕ್ಲಾಸಿನ ಮಗಳು ಇನ್ನೂ ಮುಂದಕ್ಕೆ ಹೋಗಿ, ಸುತ್ತ ನೀರೇ ಇರುವ ಕಡೆ ಮೊದಲ ಪ್ರಾಣಿ ಹೇಗೆ ಬಂತು ಅಂತ ಕೇಳುತ್ತಿದ್ದಾಳೆ. ಸುಮ್ನೆ ಏನೋ ಹೇಳಿ ಕಳಿಸುವುದಕ್ಕಿಂತ ತಿಳಿದವರನ್ನು ಕೇಳೋಣ ಅನ್ನಿಸಿತು.

ಜಂಬಿಟ್ಟಿಗೆ, ಬೀದರ್

ಅಣ್ಣಾವ್ರೇ, ಎರಡೂ ಲಾವಾ ಆರಿ ಆದ ಕಲ್ಲೇ. ಆದರೆ ಒಂದೇ ಅಲ್ಲ. ವಯಸ್ಸು ಬೇರೆ, ಹುಟ್ಟಿದ ಕಾರಣವೂ ಬೇರೆ.

ನಿಮ್ಮ ಆಳಂದ, ಕಮಲಾಪುರ, ಚಿಂಚೋಳಿಯ ಬಹುಭಾಗ, ನಮ್ಮ ಬೀದರ್, ಇವೆಲ್ಲ ದಖ್ಖನ್ ಟ್ರ್ಯಾಪ್ ಮೇಲೆ ಕೂತಿವೆ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಬಿರಿದು ಲಾವಾ ಉಕ್ಕಿತು, ಪದರದ ಮೇಲೆ ಪದರ ಹರಡಿ ಗಟ್ಟಿಯಾಯಿತು. ಅದು ಬಸಾಲ್ಟ್. ಅದೇ ಸವೆದು ಪುಡಿಯಾಗಿ ನಿಮ್ಮ ತೊಗರಿ ಬೆಳೆಯುವ ಎರೆ ಮಣ್ಣಾಗಿದೆ. ನಮ್ಮಲ್ಲಿ ಮೇಲಿನ ಪದರ ಮಳೆ ಬಿಸಿಲಿಗೆ ಸಿಕ್ಕಿ ಕೆಂಪು ಜಂಬಿಟ್ಟಿಗೆ ಆಯಿತು, ಬೀದರ್ ಕೋಟೆ ನಿಂತಿರುವುದೂ ಅದರ ಮೇಲೇ.

ಸೇಂಟ್ ಮೇರಿಸ್ ಕಲ್ಲು ಇದಕ್ಕಿಂತ ಹಳೆಯದು. ಸುಮಾರು 8.8 ಕೋಟಿ ವರ್ಷ. ಆಗ ಮಡಗಾಸ್ಕರ್ ನಮ್ಮ ಪಶ್ಚಿಮದ ಅಂಚಿಗೆ ಅಂಟಿಕೊಂಡಿತ್ತು. ಎರಡು ನೆಲ ಬೇರೆಯಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾದ ಉಳಿಕೆ ಈ ದ್ವೀಪ. ತುಂಬಾ ಕಡೆ ಇದನ್ನೂ ಬಸಾಲ್ಟ್ ಅಂತಲೇ ಬರೆದಿರುತ್ತಾರೆ, ಆದರೆ ಭೂವಿಜ್ಞಾನಿಗಳು ಪರೀಕ್ಷೆ ಮಾಡಿ ಹೇಳಿರುವುದು ರಯೋಲೈಟ್, ಡೇಸೈಟ್ ಜಾತಿಯದು ಅಂತ. ಬಸಾಲ್ಟಿಗಿಂತ ಸಿಲಿಕಾ ಜಾಸ್ತಿ. ಹೀಗಾಗಿ ನೀವು ಅಲ್ಲಿ ನಿಂತಾಗ ನಿಮ್ಮ ಬಾವಿಯ ಕಲ್ಲಿಗಿಂತ ಎರಡು ಕೋಟಿ ವರ್ಷ ಹಿರಿಯ ಕಲ್ಲಿನ ಮೇಲೆ ನಿಂತಿರುತ್ತೀರಿ.

ಇನ್ನು ಕಂಬದ ವಿಷಯ. ಬೇಸಿಗೆಯಲ್ಲಿ ಎರೆಹೊಲ ಒಣಗಿ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ, ಐದು ಮೂಲೆ ಆರು ಮೂಲೆಯ ತುಂಡುಗಳಾಗಿ? ಲೆಕ್ಕ ಅದೇ. ಮಣ್ಣು ನೀರು ಕಳೆದುಕೊಂಡು ಕುಗ್ಗುತ್ತದೆ, ಲಾವಾ ಶಾಖ ಕಳೆದುಕೊಂಡು ಕುಗ್ಗುತ್ತದೆ. ಮೇಲೆ ಶುರುವಾದ ಬಿರುಕು, ಒಳಗೆ ತಣ್ಣಗಾದಂತೆಲ್ಲ ಕೆಳಕ್ಕೆ ಇಳಿಯುತ್ತಾ ಹೋಗುತ್ತದೆ. ಕೊನೆಗೆ ಉದ್ದುದ್ದ ಕಂಬಗಳು ಉಳಿಯುತ್ತವೆ. ಕೆತ್ತಿದವರು ಯಾರೂ ಇಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಗುರುತಿಸಿದೆ. ದಯವಿಟ್ಟು ಅದರ ಮೇಲೆ ಹೆಸರು ಗೀಚುವವರನ್ನು ಕಂಡರೆ ನಾಲ್ಕು ಮಾತು ಹೇಳಿ ಬನ್ನಿ.

ಸುಮ್ನಿರು_ಮಾರಾಯ

1498ರಲ್ಲಿ ವಾಸ್ಕೋ ಡ ಗಾಮ ಈ ದ್ವೀಪಕ್ಕೆ ಬಂದು ಶಿಲುಬೆ ನೆಟ್ಟು ಹೆಸರಿಟ್ಟ ಅನ್ನುವ ಕಥೆ ಇದೆ. ಆಡನ್ನೂ ಅವನೇ ಬಿಟ್ಟು ಹೋಗಿರಬೇಕು ಬಿಡಿ 😄

ಹಕ್ಕಿನೋಟ, ಶಹಾಪುರ

ಮೇಲಿನವರು ತಮಾಷೆಗೆ ಹೇಳಿದರೂ ಅದರಲ್ಲಿ ಅರ್ಧ ಸತ್ಯ ಇದೆ. ಹಳೇ ಕಾಲದ ಹಡಗಿನವರು ದಾರಿಯಲ್ಲಿ ಸಿಕ್ಕ ದ್ವೀಪಗಳಲ್ಲಿ ಬೇಕಂತಲೇ ಆಡು ಬಿಡುತ್ತಿದ್ದರು. ಮುಂದಿನ ಸಲ ಬಂದಾಗ ಮಾಂಸಕ್ಕೆ ಆಯಿತಲ್ಲ ಅಂತ. ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾದಲ್ಲಿ ಪೋರ್ಚುಗೀಸರು ಹೀಗೆ ಬಿಟ್ಟ ಆಡುಗಳು ಅಲ್ಲಿನ ಕಾಡನ್ನೇ ಮೇಯ್ದು ಹಾಕಿದವು. ನೇತ್ರಾಣಿಯದು ಬೇರೆ. ಮೀನುಗಾರರು ಹರಕೆಗೆ ಬಿಟ್ಟ ಆಡುಗಳ ಸಂತತಿ ಅದು ಅಂತ ಆ ಕಡೆಯವರು ಹೇಳುತ್ತಾರೆ. ಹೇಗೆ ಬಂದರೂ ದೋಣಿಯಲ್ಲೇ ಬಂದಿವೆ.

ಆಡು ಅಂದರೆ ನಮ್ಮ ಮಂದಿಗೆ ಪ್ರೀತಿ. ಆದರೆ ದ್ವೀಪಕ್ಕೆ ಅದರಷ್ಟು ಕೆಟ್ಟ ಅತಿಥಿ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳಲ್ಲಿ ಒಂದಾದ ಪಿಂಟಾದಲ್ಲಿ 1959ರಲ್ಲಿ ಮೀನುಗಾರರು ಮೂರು ಆಡು ಬಿಟ್ಟರು. ಕೆಲವೇ ವರ್ಷದಲ್ಲಿ ಅವು ಸಾವಿರ ಸಾವಿರ ಆದವು. ಹುಲಿ ಇಲ್ಲ, ತೋಳ ಇಲ್ಲ, ತಡೆಯುವವರು ಯಾರು? ಅಲ್ಲಿನ ದೈತ್ಯ ಆಮೆಗಳನ್ನು ಹಡಗಿನವರು ಹಿಡಿದು ತಿಂದು ಮೊದಲೇ ಮುಗಿಸುತ್ತಾ ಬಂದಿದ್ದರು. ಉಳಿದ ಮೇವನ್ನು ಆಡು ಖಾಲಿ ಮಾಡಿದವು. ಆ ತಳಿಯ ಕೊನೆಯ ಆಮೆ, ಲೋನ್‌ಸಮ್ ಜಾರ್ಜ್ ಅಂತ ಕರೆಯುತ್ತಿದ್ದರು, 2012ರಲ್ಲಿ ಸತ್ತಿತು. ಕುತ್ತಿಗೆಗೆ ರೇಡಿಯೋ ಕಟ್ಟಿದ ಆಡನ್ನು ಬಿಟ್ಟು, ಅದು ಹುಡುಕಿಕೊಂಡು ಹೋಗಿ ಸೇರುವ ಹಿಂಡನ್ನು ಪತ್ತೆ ಮಾಡಿ ಹೊಡೆಯುವ ಉಪಾಯವನ್ನು ಗಲಾಪಗೋಸ್‌ನಲ್ಲಿ ದೊಡ್ಡ ಪ್ರಮಾಣದಲ್ಲಿ ಬಳಸಿದರು. ಕೇಳಲು ಕ್ರೂರ ಅನ್ನಿಸುತ್ತದೆ, ಆದರೆ ಗಿಡ ಮತ್ತೆ ಚಿಗುರಿದ್ದು ಆಡು ಹೋದ ಮೇಲೇ.

ಮಗಳ ಪ್ರಶ್ನೆಗೆ ಬರುತ್ತೇನೆ. ಒಳ್ಳೆ ಪ್ರಶ್ನೆ. ಹಕ್ಕಿ, ಬಾವಲಿ, ಕೀಟ ಹಾರಿ ಬರುತ್ತವೆ. ಸಣ್ಣ ಜೇಡ ತನ್ನ ನೂಲು ಬಿಟ್ಟು ಗಾಳಿಯಲ್ಲಿ ತೇಲಿ ಬರುತ್ತದೆ. ತೆಂಗಿನಕಾಯಿ ಉಪ್ಪುನೀರಿನಲ್ಲಿ ತೇಲಿ ದಡ ಸೇರಿ ಮೊಳೆಯುತ್ತದೆ. ಕೆಲವು ಬೀಜ ಹಕ್ಕಿಯ ಹೊಟ್ಟೆಯಲ್ಲಿ, ಕಾಲಿನ ಕೆಸರಿನಲ್ಲಿ ಬರುತ್ತವೆ. ಹಲ್ಲಿ, ಓತಿಕ್ಯಾತ, ಹಾವು ಬರುವುದು ಮಳೆಗಾಲದಲ್ಲಿ ಕಿತ್ತು ಬಂದ ಮರದ ಮೇಲೆ. ಇದು ಬರೀ ಊಹೆ ಅಲ್ಲ. 1995ರಲ್ಲಿ ಕೆರಿಬಿಯನ್‌ನಲ್ಲಿ ಚಂಡಮಾರುತ ಬೀಸಿದ ಮೇಲೆ, ಮರಗಳ ಒಂದು ರಾಶಿ ಅಂಗ್ವಿಲಾ ದ್ವೀಪಕ್ಕೆ ಬಂದು ತಾಕಿತು. ಅದರ ಮೇಲೆ ಹಸಿರು ಇಗ್ವಾನಾ ಎಂಬ ದೊಡ್ಡ ಓತಿಕ್ಯಾತಗಳು ಇದ್ದವು. ಆ ದ್ವೀಪದಲ್ಲಿ ಆ ಜಾತಿ ಅದಕ್ಕೆ ಮೊದಲು ಇರಲೇ ಇಲ್ಲ. ದಡದ ಜನ ಕಣ್ಣಾರೆ ಕಂಡರು.

ಕಪ್ಪೆಗೆ ಮಾತ್ರ ಕಷ್ಟ, ಅದರ ಚರ್ಮ ಉಪ್ಪುನೀರು ತಾಳುವುದಿಲ್ಲ. ಅದಕ್ಕೇ ನಡುಸಾಗರದ ದ್ವೀಪಗಳಲ್ಲಿ ಬಾವಲಿ ಇರುತ್ತದೆ, ಕಪ್ಪೆ ಇರುವುದು ಬಹಳ ಅಪರೂಪ. ಡಾರ್ವಿನ್ ಇದನ್ನೇ ಎತ್ತಿ ತೋರಿಸಿದ್ದ.

ಮಗಳಿಗೆ ಇಷ್ಟವಾಗಬಹುದಾದ ಇನ್ನೊಂದು ಪ್ರಯೋಗ ಇದೆ. 1966ರ ಹೊತ್ತಿಗೆ ವಿಲ್ಸನ್ ಮತ್ತು ಸಿಂಬರ್ಲಾಫ್ ಎಂಬ ಇಬ್ಬರು ಅಮೆರಿಕದ ಫ್ಲಾರಿಡಾದಲ್ಲಿ, ಸಮುದ್ರದ ನಡುವೆ ಇದ್ದ ಪುಟ್ಟ ಪುಟ್ಟ ಮ್ಯಾಂಗ್ರೋವ್ ದ್ವೀಪಗಳಿಗೆ ಟೆಂಟು ಹೊದಿಸಿ, ಒಳಗೆ ವಿಷದ ಅನಿಲ ಬಿಟ್ಟು, ಕೀಟ ಜೇಡಗಳನ್ನೆಲ್ಲ ಸಾಯಿಸಿದರು. ಆಮೇಲೆ ಟೆಂಟು ತೆಗೆದು ಯಾರ್‍ಯಾರು ವಾಪಸ್ ಬರುತ್ತಾರೆ ಅಂತ ಲೆಕ್ಕ ಇಟ್ಟರು. ಹೆಚ್ಚಿನ ದ್ವೀಪಗಳಲ್ಲಿ ವರ್ಷದೊಳಗೆ ಎಷ್ಟು ಜಾತಿ ಇದ್ದವೋ ಹೆಚ್ಚುಕಡಿಮೆ ಅಷ್ಟೇ ಜಾತಿ ಬಂದು ಸೇರಿದವು. ಆದರೆ ಮೊದಲಿದ್ದ ಜಾತಿಗಳೇ ಅಲ್ಲ, ಬೇರೆಯವೂ ಬಂದಿದ್ದವು. ದಡಕ್ಕೆ ತೀರಾ ದೂರದ ದ್ವೀಪ ಮಾತ್ರ ತಡವಾಗಿ ತುಂಬಿತು. ದ್ವೀಪ ಎಷ್ಟು ದೊಡ್ಡದು, ದಡ ಎಷ್ಟು ದೂರ, ಮುಖ್ಯವಾಗಿ ಈ ಎರಡೇ ಅಲ್ಲಿ ಎಷ್ಟು ಜಾತಿ ಇರಬಹುದು ಅಂತ ಹೇಳಿಬಿಡುತ್ತವೆ.

ಸೇಂಟ್ ಮೇರಿಸ್ ದಡಕ್ಕೆ ಬಹಳ ಹತ್ತಿರ. ಹಾಗಾಗಿ ಅಲ್ಲಿಗೇ ಮೀಸಲಾದ ವಿಚಿತ್ರ ಪ್ರಾಣಿ ಏನೂ ನಿರೀಕ್ಷೆ ಮಾಡಬೇಡಿ. ಏಡಿ, ಚಿಪ್ಪು, ಕಲ್ಲಿಗೆ ಅಂಟಿದ ಸಣ್ಣ ಜೀವಿಗಳು ಸಿಗುತ್ತವೆ. ಮೇಲೆ ಗರುಡ ಹಾರುತ್ತಿರುತ್ತದೆ. ಡಿಸೆಂಬರ್ ಆದ್ದರಿಂದ ಕಡಲಕ್ಕಿಗಳೂ ವಲಸೆ ಬಂದಿರುತ್ತವೆ.

ಚಿತ್ತಾಪುರದವ_ಮಂಗಳೂರಲ್ಲಿ

ಹತ್ತು ಹಲವು ಸಲ ನೋಡಿದವನಾಗಿ ಹೇಳುತ್ತೇನೆ, ಸೇಂಟ್ ಮೇರಿಸ್ ಫೋಟೋಗೆ ಚೆನ್ನ. ದ್ವೀಪದ ಜೀವಜಾಲ ನೋಡಬೇಕು ಅಂದರೆ ನೇತ್ರಾಣಿ. ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್. ಆದರೆ ಮೊದಲೇ ತಿಳಿದಿರಲಿ, ದ್ವೀಪದ ಮೇಲೆ ಇಳಿಸುವುದಿಲ್ಲ. ನೌಕಾಪಡೆ ಹಿಂದೆ ಅದನ್ನು ಗುರಿ ಅಭ್ಯಾಸಕ್ಕೆ ಬಳಸುತ್ತಿತ್ತು. ಸ್ಕೂಬಾದವರು ಪಕ್ಕದಲ್ಲಿ ದೋಣಿ ನಿಲ್ಲಿಸಿ ನೀರಿಗೆ ಇಳಿಸುತ್ತಾರೆ. ಕೆಳಗೆ ಹವಳ ಇದೆ, ಗಿಳಿಮೀನು, ಚಿಟ್ಟೆಮೀನು ಎಲ್ಲ ಕಾಣುತ್ತವೆ. ಈಜು ಬರಲ್ಲ ಅಂದರೂ ನಡೆಯುತ್ತೆ, ಒಬ್ಬ ತರಬೇತುದಾರ ಜೊತೆಯಲ್ಲೇ ಇರುತ್ತಾನೆ. ದೋಣಿಯಲ್ಲಿ ವಾಂತಿ ಬರುವವರು ಹೊಟ್ಟೆ ತುಂಬ ಇಡ್ಲಿ ತಿಂದು ಹತ್ತಬೇಡಿ.

ದೋಣಿಯಿಂದಲೇ ತಲೆ ಎತ್ತಿ ನೋಡಿ. ಬಿಳಿ ಹೊಟ್ಟೆಯ ಸಮುದ್ರ ಹದ್ದು ಅಲ್ಲಿ ಗೂಡು ಕಟ್ಟುತ್ತದೆ. ದೊಡ್ಡ ಹಕ್ಕಿ, ಕಂಡರೆ ಗುರುತು ಹಿಡಿಯುವುದು ಕಷ್ಟವಲ್ಲ.

ಹಕ್ಕಿನೋಟ, ಶಹಾಪುರ

ಹೌದು ಸರ್, ಜೊತೆಗೆ ನೇತ್ರಾಣಿಯ ಗುಹೆಗಳಲ್ಲಿ ಸ್ವಿಫ್ಟ್‌ಲೆಟ್ ಎಂಬ ಪುಟ್ಟ ಹಕ್ಕಿ ಕೂಡ ಇದೆ. ಅದು ತನ್ನ ಜೊಲ್ಲಿನಿಂದ ಗೂಡು ಕಟ್ಟುತ್ತದೆ. ಗುಹೆಯ ಕತ್ತಲಲ್ಲಿ ಟಿಕ್ ಟಿಕ್ ಸದ್ದು ಮಾಡಿ, ಅದರ ಪ್ರತಿಧ್ವನಿ ಕೇಳಿ ದಾರಿ ಕಂಡುಕೊಳ್ಳುತ್ತದೆ. ಮಹಾರಾಷ್ಟ್ರದ ವೆಂಗುರ್ಲಾ ಬಂಡೆಗಳಲ್ಲೂ ಇದು ಮರಿ ಮಾಡುತ್ತದೆ. ಸ್ವಿಫ್ಟ್‌ಲೆಟ್ ಗೂಡಿನ ಸೂಪಿಗೆ ಚೀನಾ ಕಡೆ ಭಾರಿ ಬೆಲೆ, ಆ ಬೆಲೆಗೆ ಆಸೆಪಟ್ಟು ವೆಂಗುರ್ಲಾದಲ್ಲಿ ಗೂಡು ಕದಿಯುವವರೂ ಇದ್ದರು.

ಒಂದು ಮಾತು ಸೇರಿಸುತ್ತೇನೆ. ಕಡಲಹಕ್ಕಿಗಳು ಇಂಥ ಬೋಳು ಬಂಡೆ ಹುಡುಕಿಕೊಂಡು ಬರುವುದು ಊಟಕ್ಕಲ್ಲ. ಊಟ ಸಮುದ್ರದಲ್ಲಿದೆ. ನೆಲದ ಮೇಲೆ ಮೊಟ್ಟೆ ಇಡುವ ಹಕ್ಕಿಗೆ ಬೇಕಾದದ್ದು ನಾಯಿ, ನರಿ, ಇಲಿ, ಬೆಕ್ಕು ಇಲ್ಲದ ಜಾಗ. ನಮ್ಮ ಕೃಷ್ಣೆ, ಭೀಮೆಯಲ್ಲೂ ಇದೇ ನಡೆಯುತ್ತದೆ. ನದಿ ರೀವ ಹಕ್ಕಿ ಬೇಸಿಗೆಯಲ್ಲಿ ನಡುನೀರಿನ ಮರಳು ದಿಬ್ಬದ ಮೇಲೆ ಮೊಟ್ಟೆ ಇಡುತ್ತದೆ. ನೀರು ಇಳಿದು ದಿಬ್ಬ ದಡಕ್ಕೆ ಸೇರಿಕೊಂಡ ದಿನ ನಾಯಿ ನಡೆದುಕೊಂಡೇ ಬರುತ್ತದೆ, ಕಥೆ ಮುಗಿಯಿತು. ಮರಳು ತೆಗೆಯುವವರ ಟ್ರ್ಯಾಕ್ಟರ್ ಬಂದರೂ ಅಷ್ಟೇ. ಮಲ್ಪೆಗೆ ಹೋಗಿ ಬಂದ ಮೇಲೆ ಒಮ್ಮೆ ನಮ್ಮ ಬೋನಾಳ ಕೆರೆಗೂ ಮಗಳನ್ನು ಕರೆದುಕೊಂಡು ಬನ್ನಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತು ಬರುತ್ತವೆ.

ನೀಲಿಕಡಲು, ಕಲಬುರಗಿ

ಎಲ್ಲರೂ ದಡದ ಪಕ್ಕದ ಬಂಡೆಗಳ ಬಗ್ಗೆಯೇ ಬರೆಯುತ್ತಿದ್ದೀರಿ. ದ್ವೀಪ ಅಂದರೆ ಲಕ್ಷದ್ವೀಪ ನೋಡಬೇಕು. ಹವಳದ ದ್ವೀಪ, ತಿಳಿ ನೀರು. ಕಲ್ಲು ನೋಡಲು ಮಲ್ಪೆಗೆ ಯಾಕೆ ಹೋಗಬೇಕು, ಶಹಾಬಾದಿನಲ್ಲಿ ಬೇಕಾದಷ್ಟು ಇದೆ.

ಜಂಬಿಟ್ಟಿಗೆ, ಬೀದರ್

ನೀಲಿಕಡಲು ಅಕ್ಕಾವ್ರೇ, ಶಹಾಬಾದ್ ಕಲ್ಲಿನ ಹೆಸರು ತೆಗೆದದ್ದು ಒಳ್ಳೆಯದಾಯಿತು. ಅದು ಸುಣ್ಣದ ಕಲ್ಲು. ಹಳೇ ಸಮುದ್ರದ ತಳದಲ್ಲಿ ಪದರ ಪದರವಾಗಿ ಕೂತದ್ದು. ಹವಳ ಎಂಬ ಜೀವಿ ಭೂಮಿಯ ಮೇಲೆ ಹುಟ್ಟುವ ಮೊದಲೇ ಇದ್ದ ಸಮುದ್ರ ಅದು. ಕಲಬುರಗಿಯ ಮನೆ ಮನೆಯಲ್ಲಿ ಅದನ್ನೇ ನೆಲಕ್ಕೆ ಹಾಸಿ, ನಾವು ಕಡಲ ತಳದ ಮೇಲೆ ಊಟಕ್ಕೆ ಕೂರುತ್ತೇವೆ.

ಲಕ್ಷದ್ವೀಪಕ್ಕೂ ನಮಗೂ ಇರುವ ನಂಟು ಇನ್ನೂ ಗಟ್ಟಿ. ಭೂಮಿಯ ಒಳಗೆ ಒಂದು ಬಿಸಿ ಜಾಗ ಇದೆ, ರಿಯೂನಿಯನ್ ಹಾಟ್‌ಸ್ಪಾಟ್ ಅನ್ನುತ್ತಾರೆ. ಅದು ಹೆಚ್ಚುಕಡಿಮೆ ನಿಂತಲ್ಲೇ ನಿಂತಿದೆ, ಅದರ ಮೇಲೆ ನಮ್ಮ ನೆಲ ಉತ್ತರಕ್ಕೆ ಸರಿಯುತ್ತಾ ಹೋಯಿತು. ಹೆಚ್ಚಿನ ವಿಜ್ಞಾನಿಗಳು ಒಪ್ಪುವ ಲೆಕ್ಕದಲ್ಲಿ ದಖ್ಖನ್ ಮೇಲೆ ಇದ್ದಾಗ ಅದು ಉಗುಳಿದ್ದೇ ಬೀದರ್, ಆಳಂದದ ಕಪ್ಪು ಕಲ್ಲು. ನೆಲ ಸರಿದ ಮೇಲೆ ಸಮುದ್ರದ ತಳದಲ್ಲಿ ಒಂದು ಉದ್ದನೆಯ ಬೆಟ್ಟದ ಸಾಲು ಆಯಿತು. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಎಲ್ಲ ಆ ಸಾಲಿನ ಮೇಲೇ ಇವೆ. ಇನ್ನೂ ಕೆಳಗೆ ಹೋದರೆ ಮಾರಿಷಸ್. ಕೊನೆಗೆ ರಿಯೂನಿಯನ್ ದ್ವೀಪ, ಅಲ್ಲಿನ ಜ್ವಾಲಾಮುಖಿ ಇವತ್ತಿಗೂ ಉಕ್ಕುತ್ತಿದೆ.

ಜ್ವಾಲಾಮುಖಿಯ ಮೇಲೆ ಹವಳ ಹೇಗೆ? ಬೆಟ್ಟ ತಣ್ಣಗಾಗಿ ನಿಧಾನವಾಗಿ ಮುಳುಗುತ್ತದೆ. ಅದರ ಅಂಚಿನಲ್ಲಿದ್ದ ಹವಳಕ್ಕೆ ಬೆಳಕು ಬೇಕು, ಹಾಗಾಗಿ ಅದು ಮೇಲಕ್ಕೆ ಬೆಳೆಯುತ್ತಲೇ ಇರುತ್ತದೆ. ಬೆಟ್ಟ ಪೂರ್ತಿ ಮುಳುಗಿದ ಮೇಲೆ ಹವಳದ ಬಳೆ ಮಾತ್ರ ಉಳಿಯುತ್ತದೆ, ನಡುವೆ ಆಳವಿಲ್ಲದ ನೀರು. ಡಾರ್ವಿನ್ 1842ರಲ್ಲಿ ಇದನ್ನು ಬರೆದಾಗ ತೋರಿಸಲು ಸಾಕ್ಷಿ ಇರಲಿಲ್ಲ. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್ ಎಂಬ ಹವಳದ ದ್ವೀಪದಲ್ಲಿ ಬೋರ್ ಕೊರೆದಾಗ ಸಾವಿರದ ಇನ್ನೂರು ಮೀಟರಿಗೂ ಜಾಸ್ತಿ ಹವಳದ ಸುಣ್ಣ ದಾಟಿದ ಮೇಲೆ ಬಸಾಲ್ಟ್ ಸಿಕ್ಕಿತು.

ಮಾರಿಷಸ್ ಅಂದೆನಲ್ಲ, ಡೋಡೋ ಹಕ್ಕಿ ಇದ್ದದ್ದು ಅಲ್ಲೇ. ಹಾರಿ ಬಂದ ಪಾರಿವಾಳದ ಕುಲ, ಹೆದರಿಸುವವರು ಇಲ್ಲದ್ದರಿಂದ ಹಾರುವುದನ್ನೇ ಬಿಟ್ಟಿತು. 1598ರಲ್ಲಿ ಡಚ್ಚರು ಬಂದರು, ಅವರ ಹಿಂದೆ ಹಂದಿ, ಇಲಿ, ಕೋತಿ. ನೂರು ವರ್ಷದೊಳಗೆ ಮುಗಿದುಹೋಯಿತು. ಅದರ ಅತಿ ಹತ್ತಿರದ ಸಂಬಂಧಿ ಈಗಲೂ ನಮ್ಮ ದೇಶದಲ್ಲಿದೆ, ನಿಕೋಬಾರ್ ಪಾರಿವಾಳ.

ತೊಗರಿಹೊಲ, ಆಳಂದ

ಅಬ್ಬಾ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಮಗಳು ಆಗಲೇ ಡೋಡೋ ಚಿತ್ರ ಬಿಡಿಸಲು ಕೂತಿದ್ದಾಳೆ. ನೀಲಿಕಡಲು ಅವರೇ, ಲಕ್ಷದ್ವೀಪಕ್ಕೆ ಹೋಗುವುದು ಸುಲಭನಾ? ಇನ್ನೊಂದು, ಸುತ್ತ ಉಪ್ಪುನೀರು ಇರುವಾಗ ಅಲ್ಲಿನ ಜನ ಕುಡಿಯುವುದು ಏನು? ನಮ್ಮಲ್ಲಿ ಏಪ್ರಿಲ್ ಬಂದರೆ ನೀರಿಗೆ ಪರದಾಟ, ಅದಕ್ಕೇ ಮೊದಲು ಇದೇ ತಲೆಗೆ ಬಂತು.

ನೀಲಿಕಡಲು, ಕಲಬುರಗಿ

ಸುಲಭ ಅಲ್ಲ. ನಾವು ಭಾರತೀಯರಾದರೂ ಪರವಾನಗಿ ಬೇಕು. ಕೊಚ್ಚಿಯಿಂದ ಹಡಗು, ಇಲ್ಲವೇ ಅಲ್ಲಿನ ಅಗತ್ತಿ ದ್ವೀಪಕ್ಕೆ ವಿಮಾನ. ಎಲ್ಲ ದ್ವೀಪ ಸೇರಿಸಿದರೂ ನೆಲ ಇರುವುದು ಸುಮಾರು 32 ಚದರ ಕಿಲೋಮೀಟರ್, ನಮ್ಮ ಕಲಬುರಗಿ ನಗರಕ್ಕಿಂತ ಕಡಿಮೆ. ಜನ ಇರುವುದು ಹತ್ತು ದ್ವೀಪಗಳಲ್ಲಿ.

ನೀರಿನ ವಿಷಯ ಕೇಳಿ. ಅಲ್ಲಿ ಹೊಳೆ ಇಲ್ಲ. ಮಳೆ ನೀರು ಮರಳಿನಲ್ಲಿ ಇಳಿದು ಕೆಳಗಿನ ಉಪ್ಪುನೀರಿನ ಮೇಲೆ ತೇಲಿಕೊಂಡು ನಿಲ್ಲುತ್ತದೆ, ಸಿಹಿನೀರು ಹಗುರ ಅಲ್ವಾ. ಬಾವಿಯಲ್ಲಿ ಸಿಗುವುದು ಅದೇ. ಪಂಪು ಹಾಕಿ ಜಾಸ್ತಿ ಎಳೆದರೆ ಕೆಳಗಿನ ಉಪ್ಪು ಮೇಲೆ ಬರುತ್ತದೆ. ಆಮೇಲೆ ಆ ಬಾವಿ ಸರಿಹೋಗಲು ಬಹಳ ಕಾಲ ಬೇಕು. ಬೋರ್ ಮೇಲೆ ಬೋರ್ ಕೊರೆಯುವ ನಮ್ಮಂಥವರು ಅಲ್ಲಿದ್ದರೆ ಒಂದೇ ಬೇಸಿಗೆಗೆ ಮುಗಿಸಿಬಿಡುತ್ತಿದ್ದೆವು. 2005ರಲ್ಲಿ ಅಲ್ಲಿನ ಕವರತ್ತಿ ದ್ವೀಪದಲ್ಲಿ ಸಮುದ್ರದ ನೀರನ್ನೇ ಸಿಹಿ ಮಾಡುವ ಘಟಕ ಬಂತು, ದಿನಕ್ಕೆ ಒಂದು ಲಕ್ಷ ಲೀಟರ್. ಮೇಲಿನ ಬೆಚ್ಚನೆ ನೀರನ್ನು ಕಡಿಮೆ ಒತ್ತಡದಲ್ಲಿ ಆವಿ ಮಾಡಿ, ಆಳದಿಂದ ತಂದ ತಣ್ಣನೆ ನೀರಿನಿಂದ ಆ ಆವಿಯನ್ನು ತಣಿಸುತ್ತಾರೆ.

ಬೀಚಿನ ಆ ಬೆಳ್ಳನೆ ಮರಳಿನಲ್ಲಿ ಒಂದಷ್ಟು ಪಾಲು ಗಿಳಿಮೀನಿನ ಹಿಕ್ಕೆ ಅಂತ ಮಗಳಿಗೆ ಹೇಳಿ, ನಗುತ್ತಾಳೆ. ಆ ಮೀನು ಹವಳದ ಕಲ್ಲನ್ನು ಕಡಿದು, ಪಾಚಿ ಜೀರ್ಣಿಸಿಕೊಂಡು, ಸುಣ್ಣವನ್ನು ಮರಳಾಗಿ ಹೊರಗೆ ಹಾಕುತ್ತದೆ. ಕವರತ್ತಿಯ ಹತ್ತಿರ ಪಿಟ್ಟಿ ಅಂತ ಬರೀ ಮರಳಿನ ತುಂಡು ದ್ವೀಪ ಇದೆ. ಒಂದು ಮರ ಇಲ್ಲ, ಜನ ಇಲ್ಲ, ಟರ್ನ್ ಅಂದರೆ ರೀವ ಹಕ್ಕಿಗಳು ಸಾವಿರಗಟ್ಟಲೆ ಮರಿ ಮಾಡುತ್ತವೆ. ಹಕ್ಕಿನೋಟ ಅವರು ಹೇಳಿದ ಮಾತಿಗೆ ಅದಕ್ಕಿಂತ ಸಾಕ್ಷಿ ಬೇಕಿಲ್ಲ. ನನಗೆ ಬೇಜಾರು ಅಂದರೆ ಹವಳದ್ದು. 1998, 2010, 2016ರಲ್ಲಿ ಸಮುದ್ರ ಬಿಸಿಯಾಗಿ ಅಲ್ಲಿನ ಹವಳ ಬೆಳ್ಳಗಾಗಿ ಸತ್ತಿದೆ, 2024ರಲ್ಲಿ ಮತ್ತೆ. ಹವಳ ಬೆಳೆಯುವುದು ನಿಂತರೆ ಅಲೆ ತಡೆಯುವ ಗೋಡೆಯೂ ಇಲ್ಲ, ಹೊಸ ಮರಳೂ ಇಲ್ಲ. ನೋಡುವವರು ಬೇಗ ನೋಡಿ.

ತೊಗರಿಹೊಲ, ಆಳಂದ

ಈ ಸಲ ಲಕ್ಷದ್ವೀಪ ಆಗಲ್ಲ ಬಿಡಿ, ಬಜೆಟ್ ಮೀರುತ್ತೆ. ಒಂದೇ ದಿನ ಇದೆ, ಜೊತೆಗೆ ಅಮ್ಮನಿಗೆ ಮೊಣಕಾಲು ನೋವು. ಮಲ್ಪೆಯಾ, ನೇತ್ರಾಣಿಯಾ? ನೆನಪಿಗೆ ಒಂದೆರಡು ಚಿಪ್ಪು ತರಬಹುದಾ?

ಚಿತ್ತಾಪುರದವ_ಮಂಗಳೂರಲ್ಲಿ

ಅಮ್ಮ ಇದ್ದರೆ ಮಲ್ಪೆ. ಅಲ್ಲಿ ಇಳಿದು ಓಡಾಡಬಹುದು, ತೆಂಗಿನ ಮರದ ನೆರಳೂ ಇದೆ. ದೊಡ್ಡ ದೋಣಿಯಿಂದ ಸಣ್ಣ ದೋಣಿಗೆ ದಾಟಿಸುವುದು ಉಂಟು, ಆಗ ಅಮ್ಮನ ಕೈ ಹಿಡಿದುಕೊಳ್ಳಿ. ಕಂಬಗಳ ಹತ್ತಿರ ಪಾಚಿ ಕಟ್ಟಿರುತ್ತದೆ, ಜಾರುತ್ತದೆ, ಅವರನ್ನು ಹತ್ತಿಸಬೇಡಿ. ಕಲ್ಲಿನ ಮೇಲೆ ಬರಿಗಾಲಲ್ಲೂ ನಡೆಯಬೇಡಿ, ಚಿಪ್ಪು ಕುಯ್ಯುತ್ತದೆ.

ಹವಳದ ತುಂಡು ಸಿಕ್ಕರೆ ಮುಟ್ಟಲೇಬೇಡಿ, ವನ್ಯಜೀವಿ ಕಾಯ್ದೆಯಲ್ಲಿ ಅದು ಹುಲಿ ಇರುವ ಪಟ್ಟಿಯಲ್ಲೇ ಇದೆ. ಖಾಲಿ ಚಿಪ್ಪನ್ನೂ ಅಲ್ಲೇ ಬಿಡಿ, ಸನ್ಯಾಸಿ ಏಡಿಗೆ ಅದೇ ಮನೆ. ಡಿಸೆಂಬರ್ ಕೊನೆ ವಾರ ಅಂದರೆ ಜಾತ್ರೆಯ ಜನ ಇರುತ್ತದೆ, ಬೆಳಗಿನ ಮೊದಲ ದೋಣಿಗೇ ಹೋಗಿ. ಕುಡಿಯುವ ನೀರು ಮನೆಯಿಂದಲೇ ತನ್ನಿ, ಖಾಲಿ ಬಾಟಲಿ ವಾಪಸ್ ತನ್ನಿ.